ಎರಿ (ಕಪ್ಪು ಮಣ್ಣಿನ) ಹೊಲಕ್ಕ ಹಾಕಿದ ಯೂರಿಯಾ ಎಲ್ಲಿಗೆ ಹೋಗ್ತದ? ನೀರು, ಗಾಳಿ, ಇಂಗಾಲ ಎಲ್ಲಾ ಸೇರಿಸಿ ಲೆಕ್ಕ ಹಾಕೋಣ (ಪ್ರತಿ ಮಾತಿನ ಮ್ಯಾಲ ಇರೋದು ಬರೆದವರ ಅಡ್ಡಹೆಸರು)

ಬೆಣ್ಣಿಹಳ್ಳ

ಆಗಸ್ಟ್ ಬಂತಂದ್ರ ಹಾವೇರಿ, ಶಿಗ್ಗಾವಿ, ಕುಂದಗೋಳ ಎಲ್ಲಾ ಕಡಿಯಿಂದ ಒಂದೇ ಪ್ರಶ್ನೆ. ಗೋವಿನಜೋಳಕ್ಕ ಎಕರೆಗೆ ಎರಡು ಚೀಲ ಯೂರಿಯಾ ಮೇಲುಗೊಬ್ಬರ ಕೊಟ್ಟಾರ, ಮ್ಯಾಲ ನಾಲ್ಕು ದಿನ ಜಡಿಮಳಿ ಹಿಡದದ, ಹೊಲದಾಗ ನೀರು ನಿಂತಾವ, ಬೆಳಿ ಹಳದಿ ಬಿದ್ದದ. "ಗೊಬ್ಬರ ಡೂಪ್ಲಿಕೇಟ್ ಇತ್ತೇನ್ರಿ?" ಅಂತ ಕೇಳ್ತಾರ. ಪ್ರತಿ ಸಲ ಉತ್ತರ ಅರ್ಧಕ್ಕ ನಿಲ್ತದ. ಈ ಸಲ ಪೂರ್ತಿ ಲೆಕ್ಕ ಒಂದೇ ಕಡೆ ಇರ್ಲಿ.

ಮೊದಲು ಜಮಾ-ಖರ್ಚು. ಈಗಿನ ಯೂರಿಯಾ ಚೀಲ 45 ಕೆಜಿದು, ಅದರಾಗ ನೂರಕ್ಕ 46 ಪಾಲು ಸಾರಜನಕ, ಅಂದ್ರ ಚೀಲಕ್ಕ 20.7 ಕೆಜಿ. ಎರಡು ಚೀಲಕ್ಕ 41 ಕೆಜಿ. ಗೋವಿನಜೋಳದ ಕಾಳಿನಾಗ ಸುಮಾರು 1.5% ಸಾರಜನಕ ಇರ್ತದ. ಎಕರೆಗೆ 25 ಕ್ವಿಂಟಲ್ ಬಂದ್ರ ಕಾಳಿನ ಜೋಡಿ 37 ಕೆಜಿ ಸಂತಿಗೆ ಹೋತು. ಸೊಪ್ಪಿ (ಒಣ ದಂಟು-ಎಲಿ) ಬ್ಯಾರೆ. ಕಾಗದದ ಮ್ಯಾಲ ಲೆಕ್ಕ ಬರೋಬ್ಬರಿ. ಹೊಲದಾಗ ಯಾಕ ಬರೋದಿಲ್ಲ?

ಪ್ರನಾಳ

ಯೂರಿಯಾ ಹಂಗೇ ಬೇರಿಗೆ ಸಿಗೋದು ಕಡಿಮಿ. ಮಣ್ಣಿನಾಗ ಯೂರಿಯೇಸ್ ಅನ್ನೋ ಕಿಣ್ವ ಇರ್ತದ, ಅದು ಯೂರಿಯಾನ ಒಡದು ಅಮೋನಿಯಂ (ಸಾರಜನಕದ ಒಂದು ರೂಪ) ಮಾಡ್ತದ. ಬಿಸಿ, ಹಸಿ ನೆಲದಾಗ ಈ ಕೆಲಸ ಎರಡರಿಂದ ನಾಲ್ಕು ದಿನದಾಗ ಮುಗೀತದ. ಒಡೆಯೋ ಹೊತ್ತಿನಾಗ ಹರಳಿನ ಸುತ್ತಲಿನ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತಿ, 7ರ ಮ್ಯಾಲ ಕ್ಷಾರ) ಏರ್ತದ. ನಮ್ಮ ಎರಿ ನೆಲ ಮೊದಲೇ 8ರ ಮ್ಯಾಲ, ಸುಣ್ಣ ತುಂಬಿದ ನೆಲ.

ಪಿಎಚ್ ಯಾಕ ಮುಖ್ಯ ಅಂದ್ರ: ಪಿಎಚ್ 7 ಇದ್ದಾಗ ಅಮೋನಿಯಂನ ನೂರಕ್ಕ ಒಂದು ಪಾಲೂ ಅನಿಲದ ರೂಪದಾಗ ಇರೋದಿಲ್ಲ. 8.2ಕ್ಕ ಸುಮಾರು 8 ಪಾಲು. 9.2 ಮುಟ್ಟಿದ್ರ ಹತ್ತಿರ ಹತ್ತಿರ ಅರ್ಧ. ಅನಿಲ ಆದದ್ದು ಗಾಳಿಗೆ ಹೋತು. ಹಂಗಾಗಿ ನೆಲ ಬರೇ ಮೇಲುಹಸಿ ಇದ್ದಾಗ, ಬಿಸಿಲು ಗಾಳಿ ಇದ್ದಾಗ ಮ್ಯಾಲ ಚೆಲ್ಲೋದು ಎಲ್ಲಕ್ಕಿಂತ ಕೆಟ್ಟ ಪದ್ಧತಿ. ಎರಡು ಇಂಚು ಆಳಕ್ಕ ಸಾಲಿನ ಬಾಜೂಕ ಹಾಕಿ ಎಡೆಕುಂಟಿ ಹೊಡದು ಮುಚ್ಚಿದ್ರ ಮಣ್ಣಿನ ಜೇಡಿ ಕಣ ಅಮೋನಿಯಂನ ಹಿಡಕೋತದ. ಜೇಡಿಗೆ ಋಣ ವಿದ್ಯುದಂಶ, ಅಮೋನಿಯಂಗೆ ಧನ, ಎರಡೂ ಅಂಟಿಕೋತಾವ. ಇಲ್ಲಾ ಚೆಲ್ಲಿದ ಮ್ಯಾಲ 10–15 ಮಿ.ಮೀ. ಮಳಿ ಬಂದ್ರ ಯೂರಿಯಾ ಕರಗಿ ಒಳಗ ಇಳೀತದ, ಅದೂ ಛಲೋ.

ಕೂರಿಗಿ

ಇದು ಗಾಳಿಗೆ ಹೋಗೋ ಮಾತಾತು. ಪ್ರಶ್ನೆ ಇರೋದು ನೀರು ನಿಂತದ್ದರ ಬಗ್ಗೆ. ನೀರು ನಿಂತ ಹೊಲದಾಗ ಅಮೋನಿಯಂ ಎಲ್ಲಿ ಓಡಿ ಹೋಗ್ತದ?

ಪ್ರನಾಳ

ಅಮೋನಿಯಂ ಓಡೋದಿಲ್ಲ. ಓಡೋದು ನೈಟ್ರೇಟ್, ಸಾರಜನಕದ ಇನ್ನೊಂದು ರೂಪ. ನೆಲದಾಗ ಗಾಳಿ ಇದ್ದಾಗ ನೈಟ್ರೊಸೊಮೊನಾಸ್ ಜಾತಿಯ ಸೂಕ್ಷ್ಮಜೀವಿ ಅಮೋನಿಯಂನ ನೈಟ್ರೈಟ್ ಮಾಡ್ತಾವ, ನೈಟ್ರೊಬ್ಯಾಕ್ಟರ್ ಅದನ್ನ ನೈಟ್ರೇಟ್ ಮಾಡ್ತಾವ. ಒಂದು ಗ್ರಾಂ ಅಮೋನಿಯಂ ಸಾರಜನಕಕ್ಕ 4.57 ಗ್ರಾಂ ಆಮ್ಲಜನಕ ಬೇಕು. ಎರಡು ಚೀಲ ಯೂರಿಯಾ ಪೂರ್ತಿ ನೈಟ್ರೇಟ್ ಆಗಬೇಕಾದ್ರ ನೆಲ ಸುಮಾರು 190 ಕೆಜಿ ಆಮ್ಲಜನಕ ಎಳಕೋಬೇಕು. ಗೊಬ್ಬರ ಕೊಟ್ಟೀವಿ ಅಂತೇವಿ, ಗಾಳಿ ಕೊಡೋದನ್ನ ಯಾರೂ ಲೆಕ್ಕಕ್ಕ ಹಿಡಿಯೋದಿಲ್ಲ.

ನೈಟ್ರೇಟ್ ಋಣ ಅಂಶದ್ದು, ಜೇಡಿ ಹಿಡಿಯೋದಿಲ್ಲ. ಈಗ ನೀರು ನಿಂತ್ವು ಅನ್ರಿ. ನೀರಿನಾಗ ಆಮ್ಲಜನಕ ಹರಡೋದು ಗಾಳಿಗಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಬೇರು, ಸೂಕ್ಷ್ಮಜೀವಿ ಸೇರಿ ಇದ್ದದ್ದನ್ನ ಒಂದೆರಡು ದಿನದಾಗ ಖಾಲಿ ಮಾಡ್ತಾವ. ಆಮೇಲೆ ಕೆಲವು ಬ್ಯಾಕ್ಟೀರಿಯಾ ಉಸಿರಾಟಕ್ಕ ನೈಟ್ರೇಟಿನ ಆಮ್ಲಜನಕ ಕಿತ್ತಕೋತಾವ. ಉಳಿಯೋದು ನೈಟ್ರಸ್ ಆಕ್ಸೈಡ್ ಮತ್ತ ಸಾದಾ ಸಾರಜನಕ ಅನಿಲ. ಎರಡೂ ಮ್ಯಾಲ ಹೋದ್ವು. ಬಿಸಿ ನೆಲದಾಗ, ನೀರು ನಿಂತಾಗ ದಿನಕ್ಕ ನೈಟ್ರೇಟಿನ ನೂರಕ್ಕ 4–5 ಪಾಲು ಹಿಂಗ ಹೋಗ್ತದ. ಕೊಳೆಯೋ ಕಸ ಭಾಳ ಇದ್ದರ ಇನ್ನೂ ಜಾಸ್ತಿ. ನೈಟ್ರಸ್ ಆಕ್ಸೈಡ್ ನೂರು ವರ್ಷದ ಲೆಕ್ಕದಾಗ ಇಂಗಾಲದ ಡೈಆಕ್ಸೈಡಿಗಿಂತ 273 ಪಟ್ಟು ಬಿಸಿ ಹಿಡಿಯೋ ಅನಿಲ.

ನೈಟ್ರೇಟೂ ಮುಗೀತಂದ್ರ ಮುಂದಿನ ಪಾಳಿ ಮ್ಯಾಂಗನೀಸಿಂದು, ಆಮೇಲೆ ಕಬ್ಬಿಣ, ಆಮೇಲೆ ಸಲ್ಫೇಟ್, ಕಡೀಕ ಮೀಥೇನ್. ಮಣ್ಣು ಬೂದಿ-ನೀಲಿ ಆಗಿ ಕೊಳೆತ ತತ್ತಿ ವಾಸನಿ ಹೊಡದ್ರ ಸಲ್ಫೇಟಿನ ಪಾಳಿ ಬಂತು ಅಂತ ತಿಳೀರಿ.

ಕೂರಿಗಿ

ಹಂಗಾದ್ರ ಯೂರಿಯಾ ಕೊಟ್ಟ ಮರುದಿನ ಮಳಿ ಹಿಡದು ನಾಲ್ಕು ದಿನಕ್ಕ ಹಳದಿ ಆದ್ರ, ಅದು ನೈಟ್ರೇಟ್ ಆಗಿರೋದೇ ಇಲ್ಲಲ್ಲ? ಯೂರಿಯಾ ಹರಳಿಗೆ ಬೇವಿನ ಎಣ್ಣಿ ಲೇಪನ ಬ್ಯಾರೆ ಇರ್ತದ. ಹೋಗಿದ್ದು ಏನು?

ಪ್ರನಾಳ

ಇದೇ ನಾನು ಕಾಯ್ತಿದ್ದ ಪ್ರಶ್ನೆ. ಅಮೋನಿಯಂ ಪೂರ್ತಿ ನೈಟ್ರೇಟ್ ಆಗಲಿಕ್ಕೆ ಬಿಸಿ ನೆಲದಾಗೂ ಎರಡು-ಮೂರು ವಾರ ಬೇಕು, ಬೇವಿನ ಲೇಪನ ಅದನ್ನ ಇನ್ನಷ್ಟು ತಡೀತದ. ಮರುದಿನವೇ ಮಳಿ ಹಿಡದ್ರ ಬಹಳಷ್ಟು ಸಾರಜನಕ ಇನ್ನೂ ಅಮೋನಿಯಂ ಆಗಿ ನೆಲದಾಗೇ ಕುಂತಿರ್ತದ (ಮಡಿಯೊಳಗಿನ ನೀರು ಒಡದು ಹರಕೊಂಡು ಹೋಗಿರಬಾರದು ಅಷ್ಟ, ಯಾಕಂದ್ರ ಒಡೆಯದ ಯೂರಿಯಾ ನೀರಿನ ಜೋಡಿನೇ ಹೋಗ್ತದ). ಬೆಳಿ ಹಳದಿ ಆದದ್ದು ಬೇರಿಗೆ ಉಸಿರು ಕಟ್ಟಿದ್ದಕ್ಕ. ಬೇರು ಸಾರಜನಕ ಎಳಕೊಳ್ಳಲಿಕ್ಕೆ ಶಕ್ತಿ ಬೇಕು, ಶಕ್ತಿಗೆ ಆಮ್ಲಜನಕ ಬೇಕು. ಊಟ ಮುಂದಿಟ್ಟು ಮೂಗು ಮುಚ್ಚಿದಂಗ.

ಅದಕ್ಕ ನೀರು ನಿಂತಾಗಲೇ ಮೂರನೇ ಚೀಲ ಚೆಲ್ಲೋದು ದುಡ್ಡು ನೀರಿಗೆ ಹಾಕಿದಂಗ. ಆದ್ರ ಯೂರಿಯಾ ಕೊಟ್ಟು 20–25 ದಿನ ಆದ ಮ್ಯಾಲ ನೀರು ನಿಂತದ್ದಾದ್ರ ಮಾತು ಬ್ಯಾರೆ. ಆಗ ಖರೇನ ನಷ್ಟ ಆಗಿರ್ತದ.

ವರದಾ_ದಂಡಿ

ನೀರಿನ ಭಾಗ ನಾ ಬರೀತೀನಿ. ಒಂದು ಎಕರೆ ಮ್ಯಾಲ 1 ಮಿ.ಮೀ. ಮಳಿ ಅಂದ್ರ 4047 ಲೀಟರ್. 60 ಮಿ.ಮೀ. ಬಿದ್ದ ದಿನ ಎಕರೆಗೆ 2.4 ಲಕ್ಷ ಲೀಟರ್. ಬ್ಯಾಸಗಿ ಮುಗದ ಮ್ಯಾಲ ಎರಿ ನೆಲದ ಬಿರುಕು ತೆರದಿರ್ತಾವ, ಮೊದಲ ಮಳಿ ಬಿರುಕಿನಾಗ ಸೀದಾ ಕೆಳಗ ಇಳೀತದ. ನೆಲ ಉಬ್ಬಿ ಬಿರುಕು ಮುಚ್ಚಿದ್ವು ಅಂದ್ರ ಬಾಗಿಲು ಹಾಕಿದಂಗ. ತಾಸಿಗೆ ಒಂದೆರಡು ಮಿ.ಮೀ. ಇಂಗಿದ್ರ ಹೆಚ್ಚು.

ಇಲ್ಲೇ ಬಹಳ ಮಂದಿ ಎಡವೋದು. ಚೌಕುಮಡಿ (ಸಣ್ಣ ಬದು ಹಾಕಿ ಹೊಲಾನ ಚೌಕ ಚೌಕ ಮಾಡಿ ಮಳಿನೀರು ನಿಲ್ಲಿಸೋದು) ಹಾಕ್ರಿ ಅಂತ ಎಲ್ಲಾರೂ ಹೇಳ್ತಾರ. ಅದು ಮುಂಗಾರಿನಾಗ ಖಾಲಿ ಬಿಟ್ಟು ಹಿಂಗಾರಿಗೆ ಬಿಳಿಜೋಳ, ಕಡ್ಲಿ, ಕುಸುಬಿ ಬಿತ್ತೋ ಹೊಲಕ್ಕ ಹೇಳಿ ಮಾಡಿಸಿದ್ದು. ನವಲಗುಂದ, ನರಗುಂದ, ರೋಣ ಕಡೆ ಹಿಂಗಾರಿ ಬೆಳಿ ನಿಂತಿರೋದೇ ನೆಲದಾಗ ಕೂಡಿಟ್ಟ ಹಸಿ ಮ್ಯಾಲ. ಅದನ್ನೇ ಹಾವೇರಿ ಕಡಿಯ ಮುಂಗಾರಿ ಗೋವಿನಜೋಳಕ್ಕ ಮಾಡಿದ್ರ ಬೇರು ಮುಳುಗಿಸಿದಂಗ. ಅಲ್ಲಿ ಬೇಕಾದ್ದು ಅಗಲ ಮಡಿ: ಒಂದು ಮೀಟರ್ ಅಗಲದ ಎತ್ತರದ ಮಡಿ, ಬಾಜೂಕ ಅರ್ಧ ಮೀಟರ್ ಹರಿ (ನೀರು ಹೋಗೋ ಸಾಲುಗಾಲುವಿ), ಹರಿಗೆ ನೂರು ಮೀಟರಿಗೆ 40–80 ಸೆಂ.ಮೀ. ಇಳಿಜಾರು. ಮಡಿ ಮಾಡಿರದಿದ್ರ ನಾಲ್ಕಾರು ಸಾಲಿಗೊಂದು ಹರಿ ರಂಟಿಲೇ ತೆಗದು ಬದುವಿನ ತೂಬಿಗೆ ಕೂಡಿಸ್ರಿ. ಹರಿ ತೆಗದು ಹೊರದಾರಿ ಕೊಡದಿದ್ರ ಅದು ಉದ್ದನ್ನ ಹೊಂಡ ಆಗ್ತದ ಅಷ್ಟ.

ಸಾಧನಕೇರಿ

ಹೊರಹೋದ ನೀರಿನ ದಾರಿಯನ್ನೂ ಇಲ್ಲಿ ಹೇಳಬೇಕು. ಧಾರವಾಡ ನೀರು ಇಬ್ಭಾಗವಾಗುವ ದಿಣ್ಣೆಯ ಮೇಲೆ ಕುಳಿತ ಊರು. ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲಾ ಬೇಡ್ತಿಯನ್ನು ಸೇರಿ, ಗಂಗಾವಳಿ ಎಂಬ ಹೆಸರಿನಲ್ಲಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಪೂರ್ವದ ಹೊಲಗಳ ನೀರು ಬೆಣ್ಣೆಹಳ್ಳ, ಮಲಪ್ರಭಾ, ಕೃಷ್ಣೆ ಹಿಡಿದು ಬಂಗಾಳ ಕೊಲ್ಲಿಗೆ. ಒಂದೇ ತಾಲೂಕಿನ ಎರಡು ಬದಿಯ ನೈಟ್ರೇಟು ಎರಡು ಸಮುದ್ರ ಸೇರುತ್ತದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಆದರೆ ಸಮುದ್ರದವರೆಗೆ ಹೋಗುವ ಮೊದಲೇ ತೊಂದರೆ ಕೊಡುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಬಾಯಿ 21×21 ಮೀಟರ್, ತಳ 12×12 ಮೀಟರ್, ಆಳ 3 ಮೀಟರ್ ಇರುವ ಕೃಷಿ ಹೊಂಡ ಹಿಡಿಯುವುದು ಸುಮಾರು 8.4 ಲಕ್ಷ ಲೀಟರ್. ಅಷ್ಟೂ ನೀರು ಈ ಮಿತಿ ಮುಟ್ಟಲು 8.5 ಕೆಜಿ ಸಾರಜನಕ, ಅಂದರೆ ಅರ್ಧ ಚೀಲಕ್ಕಿಂತ ಕಡಿಮೆ ಯೂರಿಯಾ ಸಾಕು. ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಎದೆಹಾಲು ಬಿಟ್ಟು ಪುಡಿಹಾಲು ಕುಡಿಯುವ ಕೂಸುಗಳಿಗೆ ಅಂಥ ನೀರು ಅಪಾಯ. ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ.

ವರದಾ_ದಂಡಿ

ಆವಿ ಅಂದಿದ್ದಕ್ಕ ಒಂದು ಮಾತು. ಅದೇ ಹೊಂಡದ ಬಾಯಿ 441 ಚದರ ಮೀಟರ್. ದಿನಕ್ಕ 6 ಮಿ.ಮೀ. ಆವಿ ಹಿಡದ್ರೂ 2600 ಲೀಟರ್ ಹೋಗ್ತದ. ಹೊಂಡ ಅಗಲ ಮಾಡೋದಕ್ಕಿಂತ ಆಳ ಮಾಡೋದು ಲಾಭ, ದಂಡಿ ಕುಸಿಯದಂಗ ಇಳಿಜಾರು ಕೊಟ್ಟು. ನೆಲದ ಮ್ಯಾಲೂ ಇದೇ ಮಾತು: ಎಡೆಕುಂಟಿ ಹೊಡದು ಮ್ಯಾಲಿನ ಎರಡು ಇಂಚು ಪುಡಿಮಣ್ಣು ಮಾಡಿದ್ರ ಬಿರುಕು ಮುಚ್ಚಿ ಕೆಳಗಿನ ಹಸಿ ಉಳೀತದ. ಹಿರಿಯರು ಹಿಂಗಾರಿನಾಗ ಮಳಿ ಇಲ್ಲದಾಗೂ ಎಡೆ ಹೊಡೆಯೋದು ಬರೇ ಕಸಕ್ಕಲ್ಲ.

ಹತ್ತಿಕಟಗಿ

ಇಂಗಾಲದ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ಹತ್ತಿಕಟಗಿ ಸುಟ್ರ ಬೂದಿ ಸಿಗ್ತೈತಿ, ಪೊಟ್ಯಾಷ್ ಸಿಗ್ತೈತಿ, ಗುಲಾಬಿ ಕಾಯಿಕೊರಕ ಸಾಯ್ತೈತಿ, ಹೊಲ ಸ್ವಚ್ಛ ಆಗ್ತೈತಿ. ಸುಡಬ್ಯಾಡ್ರಿ ಅನ್ನಾವ್ರು ಕಟಗಿ ಏನು ಮಾಡಬೇಕು ಅಂತ ಹೇಳಂಗಿಲ್ಲ.

ತಿಪ್ಪಿಗೊಬ್ಬರ

ನ್ಯಾಯದ ಮಾತು. ಬೂದಿಯೊಳಗ ಪೊಟ್ಯಾಷ್, ಸುಣ್ಣ ಉಳಿಯೋದು ಖರೆ. ಇಂಗಾಲ ಹತ್ತಿರ ಹತ್ತಿರ ಎಲ್ಲಾ, ಸಾರಜನಕ ಬಹುಪಾಲು ಹೊಗಿಯೊಳಗ ಹೋಗ್ತದ. ಕಾಯಿಕೊರಕದ ಮಾತೂ ಖರೆನ. ಕಟಗಿ ಬದುವಿನ ಮ್ಯಾಲ ಒಟ್ಟಿ ಮುಂದಿನ ಹಂಗಾಮಿನ ತನಕ ಇಟ್ರ ಹುಳಕ್ಕ ಮನಿ ಕಟ್ಟಿಕೊಟ್ಟಂಗ. ಆದ್ರ ಶ್ರೆಡ್ಡರಿಗೆ ಹಾಕಿ ಎರಡು-ಮೂರು ಇಂಚಿನ ತುಂಡು ಮಾಡಿ ಬಿಸಿ ಏರೋ ತಿಪ್ಪಿ ಹಾಕಿದ್ರ ಹುಳಾನೂ ಸಾಯ್ತದ, ಇಂಗಾಲಾನೂ ಒಂದಿಷ್ಟು ಉಳೀತದ.

ಅಳತಿ ಹೇಳ್ತೀನಿ. ಒಂದು ಟನ್ ಒಣ ಕಟಗಿಯೊಳಗ ಸುಮಾರು 450 ಕೆಜಿ ಇಂಗಾಲ. ಇಂಗಾಲ-ಸಾರಜನಕ ಪ್ರಮಾಣ 70ಕ್ಕ 1 ಹಿಡದ್ರ ಸಾರಜನಕ ಆರೂವರೆ ಕೆಜಿ. ಚೆನ್ನಾಗಿ ಕೊಳೀಲಿಕ್ಕೆ 30ಕ್ಕ 1 ಬೇಕು, ಅಂದ್ರ 15 ಕೆಜಿ. ಕೊರತಿ ಎಂಟೂವರೆ ಕೆಜಿ. ಯೂರಿಯಾದಿಂದ ತುಂಬಿದ್ರ 18–19 ಕೆಜಿ, ಒಮ್ಮೆಲೆ ಅಲ್ಲ, ಪದರಕ್ಕ ಪದರ. ಕುರಿ ಗೊಬ್ಬರ, ಗೊಬ್ಬರಗಿಡದ ಹಸಿ ಸೊಪ್ಪು ಸಿಕ್ಕರ ಯೂರಿಯಾ ಅಷ್ಟು ಕಡಿಮಿ ಮಾಡ್ರಿ. ಹಸಿ ಎಷ್ಟಿರಬೇಕು ಅಂದ್ರ, ಮುಷ್ಟಿ ಹಿಂಡಿದ್ರ ಬೆರಳ ಸಂದಿಯೊಳಗ ಹನಿ ಕಾಣಬೇಕು, ಸುರೀಬಾರದು. ಒಳಗ 55–65 ಡಿಗ್ರಿ ಬಿಸಿ ಏರಬೇಕು, 15–20 ದಿನಕ್ಕೊಮ್ಮೆ ಒಳಗಿಂದು ಹೊರಗ ತಿರುವಬೇಕು, ಇಲ್ಲಾಂದ್ರ ಅಂಚಿನ ಹುಳ ಉಳೀತಾವ.

ಮೂಗಿಗೆ ಅಮೋನಿಯಾ ವಾಸನಿ ಹತ್ತಿದ್ರ ಸಾರಜನಕ ಹೆಚ್ಚಾತು, ಕಟಗಿ ಸೇರಿಸ್ರಿ. ಕೊಳೆತ ನಾತ ಬಂದ್ರ ನೀರು ಹೆಚ್ಚಾಗಿ ಗಾಳಿ ನಿಂತದ, ತಿರುವ್ರಿ. ಬಿಸೀನೇ ಏರಲಿಲ್ಲ ಅಂದ್ರ ಒಂದೋ ಒಣಗಿದೆ, ಇಲ್ಲಾ ಗುಂಪಿ ಸಣ್ಣದು. ಒಂದು ಮೀಟರಿಗಿಂತ ಕಡಿಮಿ ಎತ್ತರದ ಗುಂಪಿ ಬಿಸಿ ಹಿಡಿಯೋದಿಲ್ಲ.

ಕೂರಿಗಿ

ಗೋವಿನಜೋಳದ ಸೊಪ್ಪಿ ರೋಟಾವೇಟರ್ ಹೊಡದು ಸೀದಾ ನೆಲಕ್ಕ ಸೇರಿಸಿದ್ರ? ತಿಪ್ಪಿ ತಾಪತ್ರಯನ ಬ್ಯಾಡ.

ತಿಪ್ಪಿಗೊಬ್ಬರ

ಸೇರಿಸಬಹುದು, ಕೂಡ್ಲೇ ಬಿತ್ತಬಾರದು. ಟನ್ ಸೊಪ್ಪಿಯೊಳಗ 420 ಕೆಜಿ ಇಂಗಾಲ, ಏಳು ಕೆಜಿ ಸಾರಜನಕ. ಸೂಕ್ಷ್ಮಜೀವಿ ಇಂಗಾಲದ ಮೂರನೇ ಒಂದು ಪಾಲು, ಅಂದ್ರ 140 ಕೆಜಿ, ತಮ್ಮ ಮೈಗೆ ಹಾಕಿಕೋತಾವ, ಉಳಿದದ್ದು ಉಸಿರಿನ ಜೋಡಿ ಗಾಳಿಗೆ. ಅವುಗಳ ಮೈಯಾಗ 8 ಇಂಗಾಲಕ್ಕ 1 ಸಾರಜನಕ. ಹಂಗಾಗಿ ಅವಕ್ಕ ಹದಿನೇಳೂವರೆ ಕೆಜಿ ಬೇಕು, ಸೊಪ್ಪಿಯೊಳಗ ಇರೋದು ಏಳು. ಉಳಿದ ಹತ್ತೂವರೆ ಕೆಜಿ ನಿಮ್ಮ ನೆಲದಿಂದ ಕಿತ್ತಕೋತಾವ. ಅರ್ಧ ಚೀಲ ಯೂರಿಯಾ ಹಿಡೀತು. ಬಿತ್ತಿದ ಕಡ್ಲಿಯೋ ಗೋದಿಯೋ ಮೊಳಕಿ ಒಡದು ಹಳದಿ ನಿಲ್ತದ, ರೈತ ಬೀಜ ಬೈತಾನ.

ಅದು ಕಳವಲ್ಲ, ಕೈಗಡ. ಸೂಕ್ಷ್ಮಜೀವಿ ಸತ್ತಾಗ ವಾಪಸ್ ಬರ್ತದ. ಹಸಿ ಇದ್ದ ನೆಲದಾಗ ಮೂರ್ನಾಲ್ಕು ವಾರ ಬಿಟ್ಟು ಬಿತ್ರಿ. ಒಣ ನೆಲದಾಗ ವಾರದ ಲೆಕ್ಕ ನಡಿಯೋದಿಲ್ಲ, ಕೊಳೆಯೋ ಕೆಲಸ ಮಳಿ ಬಂದ ಮ್ಯಾಲೇ ಶುರು. ಹಿಂಗಾರಿಗೆ ತಡ ಆಗ್ತದ ಅಂದ್ರ ಸೊಪ್ಪಿ ಹೂಳಬ್ಯಾಡ್ರಿ, ಸಾಲಿನ ನಡುವ ಹೊದಿಕಿ ಹಾಸ್ರಿ. ಮ್ಯಾಲಿದ್ದದ್ದು ನಿಧಾನ ಕೊಳೀತದ, ಸಾರಜನಕ ಕಸಿಯೋದೂ ಕಡಿಮಿ, ಹಸೀನೂ ಉಳೀತದ.

ಪ್ರನಾಳ

ಇಂಗಾಲದ ಖಜಾನಿ ಎಷ್ಟು ಅಂತ ತಿಳಿದ್ರ ಈ ಮಾತು ಗಟ್ಟಿ ಆಗ್ತದ. ಎಕರೆಯ ಮ್ಯಾಲಿನ 15 ಸೆಂ.ಮೀ. ಮಣ್ಣು ಸುಮಾರು 790 ಟನ್ ತೂಗ್ತದ. ಸಾವಯವ ಇಂಗಾಲ 0.5% ಅಂದ್ರ ನಾಲ್ಕು ಟನ್ನಿಗೆ ತುಸು ಕಡಿಮಿ. ಅದರ ಜೋಡಿ ಕಟ್ಟಿಕೊಂಡ ಸಾರಜನಕ 330ರಿಂದ 390 ಕೆಜಿ. ವರ್ಷಕ್ಕ ನೂರಕ್ಕ ಎರಡು ಪಾಲು ಬಿಚ್ಚಿದ್ರ ಬೆಳಿಗೆ ಏಳೆಂಟು ಕೆಜಿ. ಇಂಗಾಲ 1% ಇದ್ದ ಹೊಲಕ್ಕ ಅದರ ಎರಡು ಪಟ್ಟು, ಪುಗಸಟ್ಟೆ.

ಮಣ್ಣು ಪರೀಕ್ಷೆ ಚೀಟಿ ಓದೋರಿಗೆ ಎಚ್ಚರಿಕಿ: ಎರಿ ಮಣ್ಣಿನ ಸುಣ್ಣಕಲ್ಲಿನೊಳಗೂ ಇಂಗಾಲ ಇರ್ತದ. ಆಮ್ಲದ ಹನಿ ಹಾಕಿದ್ರ ಬುರುಬುರು ನೊರಿ ಬರೋದು ಅದರದ್ದು. ಅದು ಫಲವತ್ತತೆಯ ಇಂಗಾಲ ಅಲ್ಲ. ಪ್ರಯೋಗಾಲಯದ ವಾಕ್ಲಿ-ಬ್ಲ್ಯಾಕ್ ಪರೀಕ್ಷೆಯೊಳಗ ಬರೋದು ಸಾವಯವ ಇಂಗಾಲ ಮಾತ್ರ. ಅದು 0.5%ಕ್ಕಿಂತ ಕೆಳಗ ಇದ್ದರ ಕಡಿಮಿ, 0.75%ರ ಮ್ಯಾಲ ಇದ್ದರ ಹೆಚ್ಚು. ಮಾದರಿ ತಗೊಳ್ಳುವಾಗ ತಿಪ್ಪಿ ಇದ್ದ ಜಾಗ, ಬದು, ಗಿಡದ ನೆರಳು ಬಿಟ್ಟು ಎಕರೆಗೆ ಎಂಟ್ಹತ್ತು ಕಡೆ ಗೇಣಿಗಿಂತ ತುಸು ಕಡಿಮಿ ಆಳದ ತೆಗ್ಗು ತೋಡಿ, ಬಾಜೂಕಿನ ಮಣ್ಣು ಕೆರೆದು, ಕಲಸಿ, ನಾಲ್ಕು ಪಾಲು ಮಾಡಿ ಎದುರು-ಬದುರಿನ ಎರಡು ಪಾಲು ಬಿಡ್ತಾ ಅರ್ಧ ಕೆಜಿಗೆ ಇಳಿಸ್ರಿ. ಯೂರಿಯಾದ ಖಾಲಿ ಚೀಲದಾಗಂತೂ ತುಂಬಬ್ಯಾಡ್ರಿ.

ಕಪ್ಪತಗುಡ್ಡ

ಗುಡ್ಡಕ್ಕ ಯಾರೂ ಚೀಲ ಹೊತ್ತು ಹಾಕಂಗಿಲ್ಲ. ಉದುರಿದ ಎಲಿ ಅಲ್ಲೇ ಕೊಳೀತೈತಿ, ಅಲ್ಲೇ ಏರ್ತೈತಿ. ಹೊಲದಿಂದ ವರ್ಷಾ ಕ್ವಿಂಟಲ್‌ಗಟ್ಟಲೆ ಹೊರಗ ಸಾಗಸ್ತೀವಿ, ಅದೇ ಫರಕು. ಆದ್ರ ದ್ವಿದಳ ಬೆಳೆದ್ರ ಗಾಳಿಯ 78% ಸಾರಜನಕ ಪುಕ್ಕಟ ಸಿಗ್ತೈತಲ್ಲ, ಹೆಸರು, ಕಡ್ಲಿ ಬಿತ್ತಿದ್ರ ಸಾಕಲ್ಲ?

ಪ್ರನಾಳ

ಅರ್ಧ ಖರೆ. ಕಡ್ಲಿ ಕಾಳಿನಾಗ ಸುಮಾರು 3.5% ಸಾರಜನಕ, ಆರು ಕ್ವಿಂಟಲ್ ಬಂದ್ರ 21 ಕೆಜಿ ಹೊರಗ ಹೋತು. ಬೇರಿನ ಗಂಟು ಗಾಳಿಯಿಂದ ಹಿಡದ ಸಾರಜನಕದಾಗ ಬಹುಪಾಲು ಕಾಳಿಗೇ. ಹೊಟ್ಟು ದನಕ್ಕ ಹೋಗಿ, ಸಗಣಿ ಕುಳ್ಳಾಗಿ ಒಲಿಗೆ ಹೋದ್ರ ನೆಲಕ್ಕ ಏನೂ ಇಲ್ಲ. ಹೆಸರಿನ ಬುಡ್ಡಿ ಬಿಡಿಸಿಕೊಂಡು ಹಸಿ ಬಳ್ಳಿ ಮಣ್ಣಾಗ ಹೊಡೆಯೋದು ಇದಕ್ಕಿಂತ ಲಾಭ.

ಗಂಟು ಕೆಲಸ ಮಾಡ್ತದೋ ಇಲ್ಲೋ ಅಂತ 35–45 ದಿನಕ್ಕ ನೋಡ್ರಿ. ಗಿಡ ಜಗ್ಗಬ್ಯಾಡ್ರಿ, ಸಲಿಕಿಲೇ ಬಗದು ತೆಗೀರಿ, ಗಂಟು ಕೊಯ್ದು ನೋಡ್ರಿ. ಒಳಗ ಗುಲಾಬಿ-ಕೆಂಪು ಇದ್ದರ ನಡದದ. ಆ ಬಣ್ಣ ಲೆಗ್‌ಹೀಮೊಗ್ಲೋಬಿನ್‌ದು, ಗಂಟಿನಾಗ ಆಮ್ಲಜನಕ ಹದಕ್ಕ ಇಡೋದು ಅದರ ಕೆಲಸ. ಬಿಳಿ ಇಲ್ಲಾ ಹಸಿರು ಇದ್ದರ ಬರೇ ಗಂಟು. ಬಿತ್ತುವಾಗ ಯೂರಿಯಾ ಹೆಚ್ಚಾದ್ರ, ನೀರು ನಿಂತ್ರ, ರೈಜೋಬಿಯಂ (ಗಂಟು ಕಟ್ಟೋ ಬ್ಯಾಕ್ಟೀರಿಯಾ) ಬ್ಯಾರೆ ಬೆಳೀದು ಬೀಜಕ್ಕ ಹಚ್ಚಿದ್ರ ಹಂಗಾಗ್ತದ. ಹೆಸರಿನ ಪೊಟ್ಟಣ ಕಡ್ಲಿಗೆ ನಡಿಯೋದಿಲ್ಲ.

ಹಚ್ಚೋದು ಹಿಂಗ: ಲೀಟರ್ ನೀರಿಗೆ 100 ಗ್ರಾಂ ಬೆಲ್ಲ ಕುದಿಸಿ ಪೂರ್ತಿ ಆರಿಸ್ರಿ. 200 ಗ್ರಾಂ ಪೊಟ್ಟಣ 8–10 ಕೆಜಿ ಬೀಜಕ್ಕ ಸಾಕು. ಬೀಜ ಅಂಟಂಟು ಆಗೋವಷ್ಟೇ ಪಾಕ ಚಿಮುಕಿಸಿ, ಪುಡಿ ಕಲಸಿ, ನೆರಳಾಗ ಆರಿಸಿ ಅವತ್ತೇ ಬಿತ್ರಿ. ಶಿಲೀಂಧ್ರನಾಶಕ ಹಚ್ಚೋದಿದ್ರ ಮೊದಲು ಅದು, ರೈಜೋಬಿಯಂ ಕಡೀಕ. ಬಿಸಿ ಪಾಕ ಸುರಿದ್ರ ಜೀವಾಣು ಅಲ್ಲೇ ಖಲಾಸ್.

ಸಾಧನಕೇರಿ

ಆಮ್ಲಜನಕದ ಬಗ್ಗೆ ವಾಟ್ಸಾಪಿನಲ್ಲಿ ಓಡಾಡುವ ಒಂದು ತಪ್ಪನ್ನು ತಿದ್ದಿಬಿಡುತ್ತೇನೆ. ಬೆಳೆಗಳು ಗಾಳಿಗೆ ಆಮ್ಲಜನಕ ತುಂಬುತ್ತಲೇ ಇರುತ್ತವೆ ಎನ್ನುತ್ತಾರೆ. ಎಕರೆ ಗೋವಿನಜೋಳ 5 ಟನ್ ಒಣತೂಕ ಕಟ್ಟಿದರೆ ಆರು ಟನ್ನಿನ ಹತ್ತಿರ ಆಮ್ಲಜನಕ ಬಿಡುಗಡೆಯಾಗುವುದು ನಿಜ, ಅದೂ ನೀರನ್ನು ಒಡೆದು ಬಂದದ್ದು. ಆದರೆ ಕಾಳು ತಿಂದ ಕೋಳಿ, ಸೊಪ್ಪೆ ತಿಂದ ಎಮ್ಮೆ, ಬುಡ ಕೊಳೆಸಿದ ಸೂಕ್ಷ್ಮಜೀವಿ ಸೇರಿ ಅಷ್ಟನ್ನೂ ಮರಳಿ ಎಳೆದುಕೊಳ್ಳುತ್ತವೆ. ಗಾಳಿಯ 21% ಇದರಿಂದ ಅಲುಗುವುದಿಲ್ಲ.

ನೀರಿನಲ್ಲಿ ಹಾಗಲ್ಲ, ಅಲ್ಲಿ ದಾಸ್ತಾನು ತೀರಾ ಕಡಿಮೆ. 25 ಡಿಗ್ರಿಯ ನೀರು ಲೀಟರಿಗೆ 8 ಮಿಲಿಗ್ರಾಂ ಚಿಲ್ಲರೆ ಆಮ್ಲಜನಕ ಹಿಡಿಯುತ್ತದೆ, ಮೀನಿಗೆ 4–5 ಆದರೂ ಬೇಕು. ಗೊಬ್ಬರದ ನೀರು, ಗಟಾರದ ನೀರು ಬಂದು ಹೊಂಡ ಹಚ್ಚಗಾದರೆ ಹಗಲೆಲ್ಲ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿಯೆಲ್ಲ ಅದೇ ಪಾಚಿ ಉಸಿರಾಡಿ ಮುಗಿಸುತ್ತದೆ. ಮೀನು ಸಾಯುವುದು ನಸುಕಿನಲ್ಲಿ, ಮೋಡದ ದಿನಗಳ ಮರುದಿನ. ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಕೂಡಲೇ ಪಂಪಿನಿಂದ ನೀರನ್ನು ಎತ್ತರದಿಂದ ಚಿಮ್ಮಿಸಿ, ಮೇವು ನಿಲ್ಲಿಸಿ. ಸಗಣಿ ಹಾಕುವುದನ್ನಂತೂ ಕಡ್ಡಾಯವಾಗಿ ನಿಲ್ಲಿಸಿ.

ಹುಬ್ಬಳ್ಳಿಯ ಉಣಕಲ್ ಕೆರೆಯಂಥ ಕಡೆ ಅಂತರಗಂಗೆ (ನೀರಿನ ಮೇಲೆ ತೇಲುವ ಕಳೆ) ಹಬ್ಬುವುದು ಇದೇ ಸಾರಜನಕ, ರಂಜಕ ತಿಂದು. ಕಿತ್ತು ದಂಡೆಯ ಮೇಲೆ ಒಟ್ಟಿದರೆ ಮಳೆಗೆ ಕೊಳೆತ ರಸ ಮತ್ತೆ ಕೆರೆಗೇ ಇಳಿಯುತ್ತದೆ. ದೂರ ಸಾಗಿಸಿ ಒಣಗಿಸಿ ತಿಪ್ಪೆಗೆ ಹಾಕಿದರೆ ಮಾತ್ರ ಕಿತ್ತದ್ದಕ್ಕೆ ಅರ್ಥ. ಗಟಾರದ ನೀರು ಬರುತ್ತಿರುವ ಕೆರೆಗಳ ಕಳೆಯಾದರೆ ತರಕಾರಿ ಹೊಲಕ್ಕೆ ಬೇಡ.

ಬೆಣ್ಣಿಹಳ್ಳ

ಮೊದಲ ಪ್ರಶ್ನೆಗೆ ವಾಪಸ್. ಈಗ ಹೊಲದಾಗ ನೀರು ನಿಂತು ಹಳದಿ ಆಗಿರೋರಿಗೆ, ಮೂರನೇ ಚೀಲ ಬೇಕೋ ಬ್ಯಾಡೋ ಅಂತ ಹೆಂಗ ತೀರ್ಮಾನ ಮಾಡೋದು?

ಪ್ರನಾಳ

ಮೊದಲ ಕೆಲಸ ಹರಿ ತೆಗದು ನೀರು ಹೊರಗ ಹಾಕೋದು. ಎರಡನೇದು ಒಂದೆರಡು ಗಿಡ ಬಗದು ಬೇರು ನೋಡೋದು. ಬೆಳ್ಳಗ, ಗಟ್ಟಿ ಇದ್ದರ ಬೆಳಿ ಉಳೀತದ. ಕಂದು ಬಣ್ಣ ತಿರುಗಿ ಸಿಪ್ಪಿ ಜಾರಿದ್ರ ಯೂರಿಯಾ ಕೊಟ್ಟೂ ಉಪಯೋಗ ಇಲ್ಲ. ಬೇರು ಛಲೋ ಇದ್ದರ ಎಲಿ ಮ್ಯಾಲ 2% ಯೂರಿಯಾ, ಅಂದ್ರ ಲೀಟರಿಗೆ 20 ಗ್ರಾಂ, ಸಂಜಿಮುಂದ ಹೊಡೀರಿ. ಇದು ಹೊಟ್ಟಿ ತುಂಬಿಸೋದಲ್ಲ, ಬೇರು ಚೇತರಿಸಿಕೊಳ್ಳೋ ತನಕ ಗಂಜಿ ಕುಡಿಸಿದಂಗ.

ನೆಲ ಹದಕ್ಕ ಬಂದ ಮ್ಯಾಲ ಎಡೆಕುಂಟಿ ಹೊಡದು ಗಾಳಿ ಆಡಿಸಿ ನಾಲ್ಕೈದು ದಿನ ತಡೀರಿ. ಹೊಸ ಎಲಿ ಹಸಿರು ತಿರುಗಿದ್ರ ಅಮೋನಿಯಂ ನೆಲದಾಗೇ ಇತ್ತು, ಚೀಲ ಮನ್ಯಾಗ ಇರ್ಲಿ. ಕೆಳಗಿನ ಎಲಿ ತುದಿಯಿಂದ ನಡುದಿಂಡಿನ ಗುಂಟ ಬಾಣದ ತುದಿ ಹಂಗ ಹಳದಿ ಏರ್ತಿದ್ರ ಸಾರಜನಕ ಖರೇನ ಹೋಗೇದ; ಒಂದು ಚೀಲ, ಸಾಲಿನ ಬಾಜೂಕ, ಮಣ್ಣು ಮುಚ್ಚಿ.

ಹೊಸ ಎಲೀನೇ ಹಳದಿ, ನರ ಮಾತ್ರ ಹಸಿರು ಅಂದ್ರ ಅದು ಸಾರಜನಕ ಅಲ್ಲ, ಕಬ್ಬಿಣದ ಕೊರತಿ. ಶೇಂಗಾ, ಕಡ್ಲಿಯೊಳಗ ಸುಣ್ಣದ ನೆಲದಾಗ ಭಾಳ ಕಾಣ್ತದ. ಅದಕ್ಕ ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ, ವಾರದ ಅಂತರದಾಗ ಎರಡು ಸಲ. ದ್ರಾವಣ ತುಕ್ಕಿನ ಬಣ್ಣ ತಿರುಗಿದ್ರ ಚೆಲ್ಲಿಬಿಡ್ರಿ, ಕಬ್ಬಿಣ ಆಮ್ಲಜನಕ ಹಿಡದು ಕೂತದ, ಎಲಿಗೆ ಸಿಗೋದಿಲ್ಲ.